ವಿಸಿಟರ್ ಬಿಲ್ಲೆ

ಹಿಂದಿನ ರಾತ್ರಿ ಎರಡು ನಿಂಬೆಹಣ್ಣು ಹಿಂಡಿ
ಕಡಲೆಹಿಟ್ಟು ಕಲಸಿ ಕೈ ತಿಕ್ಕಿದೆ.
ಉಗುರಿನ ಸಂದು, ಬೆರಳ ಗೆಣ್ಣು,
ಉಂಗುರ ತೆಗೆದು ಅದರ ಕೆಳಗಿನ ಬಿಳಿ ಗುರುತು.
ಮೂಸಿದೆ. ಇನ್ನೂ ಇತ್ತು.
ಒಂಬತ್ತು ವರ್ಷದ ಮೀನು
ಒಂದು ರಾತ್ರಿಯ ನಿಂಬೆಗೆ ಜಗ್ಗುತ್ತದೆಯೇ?

ಪಕ್ಕದ ಮನೆಯ ಡೋರೀನ್, ಎಪ್ಪತ್ತಾರು,
ಬಸ್ಸಿನಲ್ಲಿ ಟಿಕೆಟ್ ಹರಿದು ನಿವೃತ್ತಳಾದವಳು,
ನನ್ನ ಅಡುಗೆಮನೆಯಲ್ಲಿ ಮೂರು ಸಂಜೆ
ಅಧಿಕಾರಿಯಾಗಿ ಕೂತಳು.
"ಒಳಗೆ ಬಾ. ಕೂರು ಅನ್ನುವವರೆಗೆ ಕೂರಬೇಡ.
ಕೈ ಕೊಡು. ಅಯ್ಯೋ, ಸತ್ತ ಮೀನು ಹಿಡಿದ ಹಾಗಿದೆ!
ಇನ್ನೊಮ್ಮೆ."
ಅವಳು ಹೋದ ಮೇಲೆ
ಬಾಗಿಲ ಹಿಡಿಕೆಯ ಜೊತೆ ಅಭ್ಯಾಸ ಮಾಡಿದೆ.

"ನಿನ್ನ ಬಗ್ಗೆ ಹೇಳು."
ಅಪ್ಪನ ಹೆಸರಿನಿಂದ ಶುರುಮಾಡಿದೆ,
ದಾವಣಗೆರೆ, ಹತ್ತಿ ಗಿರಣಿಯ ಸೈರನ್ನು, ಐವರು ಅಕ್ಕತಂಗಿಯರು...
"ಅವರಲ್ಲ, ನೀನು!" ಟೇಬಲ್ ಕುಟ್ಟಿದಳು.
ನಾನೊಬ್ಬಳೇ ಇರುವ ವಾಕ್ಯ
ನನ್ನ ಬಾಯಲ್ಲಿ ಎಂದೂ ಹುಟ್ಟಿರಲಿಲ್ಲ.

"ನಿನ್ನ ದೌರ್ಬಲ್ಯ?"
ಅದಕ್ಕೆ ಮಾತ್ರ ತಡವರಿಸಲಿಲ್ಲ.
ಅತ್ತೆ, ಗಂಡ, ಗಂಡನ ಅಣ್ಣ
ಪಟ್ಟಿ ಮೊದಲೇ ಮಾಡಿ ಕೊಟ್ಟಿದ್ದರು.
ಡೋರೀನ್ ನಕ್ಕು, ಕೆಮ್ಮಿ, "ಒಂದು ಸಾಕು, ಸಣ್ಣದು" ಎಂದಳು.

ಸೀರೆಯೋ ಪ್ಯಾಂಟೋ ಎಂಬ ಚರ್ಚೆಯನ್ನು
ಗ್ರಿಮ್ಸ್‌ಬಿಯ ಗಾಳಿಯೇ ತೀರ್ಮಾನಿಸಿತು.
ಚಾರಿಟಿ ಅಂಗಡಿಯ ಕಪ್ಪು ಕೋಟು,
ಒಳಜೇಬಿನಲ್ಲಿ ಯಾರದೋ ಹಳೆಯ ಪೆಪ್ಪರ್‌ಮಿಂಟು.
ಹತ್ತಕ್ಕೆ ಕರೆದಿದ್ದರೆ ಎಂಟೂವರೆಗೇ ಆಸ್ಪತ್ರೆಯಲ್ಲಿದ್ದೆ.
ಕೌಂಟರಿನ ಹುಡುಗ ಕೊರಳಿಗೆ ಬಿಲ್ಲೆ ಕೊಟ್ಟ: ವಿಸಿಟರ್.
ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು
ಪಕ್ಕ ಕೂತ ಮುದುಕಿ.
"ನನಗೇ" ಅಂದೆ. ಹೊಟ್ಟೆ ನಿಜಕ್ಕೂ ತೊಳೆಸುತ್ತಿತ್ತು.

ಒಳಗೆ ಮೂವರು.
ಹೆಸರು ಓದಲು ಹೋದ ಗಡ್ಡದವನು
ಪಂಕಜಾಕ್ಷಿಯ ಮೊದಲ ಮೆಟ್ಟಿಲಲ್ಲೇ ಎಡವಿ
"ಪಂಕ... ಪಂಕಾ ಅನ್ನಬಹುದೇ?" ಎಂದ.
ಅನ್ನಬಹುದು ಎಂದೆ.
ಕಮಲ ಹೋಯಿತು, ಕಣ್ಣು ಹೋಯಿತು,
ಕೆಸರು ಉಳಿಯಿತು.
ನಗು ಬಂತು. ಹಲ್ಲು ಕಾಣದ ಹಾಗೆ ನಕ್ಕೆ.
ಆತ್ಮವಿಶ್ವಾಸ ಎಂದುಕೊಂಡರೇನೋ.

ಲೋಟದ ನೀರು ಮುಟ್ಟಲಿಲ್ಲ.
ಕೈ ನಡುಗುವುದು ಮೊದಲು ನೀರಿಗೆ ಗೊತ್ತಾಗುತ್ತದೆ.

"ಇಂಡಿಯಾದಲ್ಲಿ ಲ್ಯಾಬ್ ಕೆಲಸ ಹನ್ನೊಂದು ವರ್ಷ, ಸರಿ.
ಇಲ್ಲಿ ಈ ಒಂಬತ್ತು ವರ್ಷ ಖಾಲಿ ಇದೆಯಲ್ಲ?"
ಎಂದಳು ಕನ್ನಡಕದವಳು.
ಸಂಸಾರ ಅಂದುಬಿಡು, ಮುಂದೆ ಯಾರೂ ಕೇಳುವುದಿಲ್ಲ
ಎಂದು ಡೋರೀನ್ ಕಲಿಸಿದ್ದಳು.
ನಾಲಿಗೆಯ ತುದಿಯಲ್ಲಿ ಸಂಸಾರವೇ ಇತ್ತು.
ಬಾಯಿ ತೆರೆದರೆ ಮೀನು ಬಂತು.

ರಾತ್ರಿ ಹತ್ತರಿಂದ ಬೆಳಗಿನ ಆರು, ಹಡಗುಕಟ್ಟೆಯ ಹಿಂದಿನ ಶೆಡ್ಡು.
ಮೊಟ್ಟೆಯ ಚಿಪ್ಪು ತುಳಿದರೂ ಕಾಲು ತೊಳೆಯುತ್ತಿದ್ದ ಮನೆಯ ಮಗಳು
ಎರಡು ಪದರದ ಕೈಗವಸಿನಲ್ಲಿ ಕಾಡ್ ಮೀನಿನ ಪೆಟ್ಟಿಗೆಗೆ
ತಾರೀಖು, ತೂಕ, ದೋಣಿಯ ನಂಬರು ಅಂಟಿಸುತ್ತಿದ್ದೆ.
ಒಂದು ರಾತ್ರಿ ಎರಡು ಚೀಟಿ ಅದಲುಬದಲಾಗಿ ಲಾರಿ ಹೊರಟಿತ್ತು.
ಯಾರೂ ನೋಡಿರಲಿಲ್ಲ.
ಗಮ್‌ಬೂಟಿನಲ್ಲೇ ಗೇಟಿನವರೆಗೆ ಓಡಿದೆ.
ನಲವತ್ತು ಪೆಟ್ಟಿಗೆ ಕೆಳಗಿಳಿಸಬೇಕಾಯಿತು.
ಮೇಸ್ತ್ರಿಯ ಬೈಗುಳ ಈಗಲೂ ಬಾಯಿಪಾಠ, ಹೇಳಲೇ ಎಂದೆ.
"ಬೇಡ" ಎಂದ ಗಡ್ಡದವನು. ಪೆನ್ನು ಕೆಳಗಿಟ್ಟಿದ್ದ.

"ರಕ್ತದ ಸೀಸೆಗೂ ಚೀಟಿಯೇ ತಾನೇ ಹೆಸರು."
ಇಂಗ್ಲಿಷಿನಲ್ಲಿ ಇಷ್ಟು ಚೆನ್ನಾಗಿ ಬರಲಿಲ್ಲ ಅದು.
ದಾರಿಯಲ್ಲಿ ಎರಡು ಕ್ರಿಯಾಪದ ಬಿದ್ದುಹೋದವು.
ಹೆಕ್ಕಲಿಲ್ಲ.

"ನಮ್ಮನ್ನು ಏನಾದರೂ ಕೇಳುವುದಿದೆಯೇ?"
ಕೇಳಲೇಬೇಕು, ಡೋರೀನಳ ಆಜ್ಞೆ.
ಬರೆದಿಟ್ಟುಕೊಂಡ ಮೂರೂ ಮರೆತು
"ಮೀನಿನ ವಾಸನೆ ಬರುತ್ತಿದೆಯೇ?" ಎಂದು ಕೇಳಿಬಿಟ್ಟೆ.
ಒಬ್ಬರ ಮುಖ ಒಬ್ಬರು ನೋಡಿದರು.
ಇಷ್ಟು ಹೊತ್ತು ಬರೆಯುತ್ತಲೇ ಇದ್ದ ಹುಡುಗಿ ತಲೆಯೆತ್ತಿ
"ನಿಂಬೆ" ಎಂದಳು. "ಬರೀ ನಿಂಬೆ."

ಬಸ್ಸಿನಲ್ಲಿ ಕೂತ ಮೇಲೆ ಕಂಡಿತು,
ಬಿಲ್ಲೆ ಕೊರಳಲ್ಲೇ ಇದೆ.
ನಮ್ಮ ಮಾತಿನಲ್ಲಿ
ಕೂರಿಸಿ ಕೇಳುವವರೂ ಸಂದರ್ಶಕರು,
ನೋಡಿ ಹೋಗಲು ಬಂದವರೂ ಸಂದರ್ಶಕರು.
ನಾನು ಬಂದು ಹೋಗುವವಳೋ ಅಲ್ಲವೋ
ಶುಕ್ರವಾರ ತಿಳಿಸುತ್ತಾರಂತೆ.
ಹೇಗಿದ್ದರೂ ಇದನ್ನು ಹಿಂತಿರುಗಿಸಲು
ಒಮ್ಮೆ ಹೋಗಲೇಬೇಕು.

ಕೋಟಿನ ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡೆ.
ಇನ್ನೂ ಖಾರವಿತ್ತು.