ಬಿಲ್ಲೆ ನಲವತ್ತೇಳು

ಲ್ಯಾಬಿನ ಮೂರನೇ ಸಾಲಿನ ಫ್ಯಾನು ತಿರುಗುವುದಿಲ್ಲ.
ಅದರ ಕೆಳಗೇ ಕೂತಿದ್ದಳು ಮುಬೀನಾ,
ಬೋರ್ಡಿನ ಮೇಲೆ ನಾನು ಬರೆದದ್ದನ್ನು ನೋಡುತ್ತ:
ಪಿ ಒಂದು ಪಾಯಿಂಟರು, ಕ್ಯೂ ಒಂದು ಪಾಯಿಂಟರು,
ಎರಡರಲ್ಲಿ ಯಾವುದು ಚಿಕ್ಕದು?

ಉಳಿದವರೆಲ್ಲ ಹದಿನಾರರ ಲೆಕ್ಕದಲ್ಲಿ
ವಿಳಾಸ ಕಳೆದು ಕೂಡಿ ಬೆವರುತ್ತಿದ್ದರು.
ಅವಳು ಪೆನ್ನಿನ ಕ್ಯಾಪು ಕಚ್ಚಿ ಕೇಳಿದಳು:
"ಎರಡೂ ಒಂದೇ ಸ್ಟ್ಯಾಂಡಿನವಾ, ಮೇಡಂ?"

ಅವಳಪ್ಪ ಇಮಾಮಸಾಬರದು
ಶಿವಮೊಗ್ಗ ಸ್ಟೇಷನ್ನಿನ ಎದುರು ಸೈಕಲ್ ಸ್ಟ್ಯಾಂಡು.
ಹಿತ್ತಾಳೆ ಬಿಲ್ಲೆ ಜೋಡಿಜೋಡಿ:
ಒಂದು ಹ್ಯಾಂಡಲಿಗೆ, ಒಂದು ಕಿಸೆಗೆ.

"ಒಂದೇ ಸ್ಟ್ಯಾಂಡಾದರೆ ಹೇಳಬಹುದು,
ನಲವತ್ತೇಳು ಮುಂದೆ, ಐವತ್ತೆರಡು ಹಿಂದೆ.
ಹೊಳೆ ಬಸ್ ಸ್ಟಾಪಿನ ಹತ್ತಿರ ಗಿರಿಯಪ್ಪನದೂ ಒಂದಿದೆ.
ನಮ್ಮ ನಲವತ್ತೇಳು, ಅವನ ಐವತ್ತೆರಡು,
ಯಾವುದು ಮುಂದೆ ಅಂತ ಕೇಳಿದರೆ
ಅಪ್ಪ ಬೀಡಿ ಹಚ್ಚುತ್ತಾರೆ, ಅಷ್ಟೇ."

ಚಾಕ್ ಕೆಳಗಿಟ್ಟೆ.
ಇಷ್ಟನ್ನೇ ಹೇಳಲು
ನನ್ನ ಪುಸ್ತಕಕ್ಕೆ ಎರಡು ಪುಟ ಬೇಕಾಗಿತ್ತು.

ಸಂಜೆ ಸ್ಕೂಟರ್ ಬಿಡುವ ನೆಪದಲ್ಲಿ ಹೋದೆ.
ಒಂದೇ ವರ್ಷದ, ಒಂದೇ ಕಪ್ಪಿನ ಎರಡು ಸೈಕಲ್ಲು,
ಎರಡರ ಬೆಲ್ಲಿಗೂ ಅದೇ ತುಕ್ಕು.
"ಸಮವಾ ಸಾಹೇಬರೇ?"
"ಕಣ್ಣಿಗೆ ಸಮ. ಬಿಲ್ಲೆಗಲ್ಲ."

ಆಚೆ ಒಂದಕ್ಕೆ ಬಿಲ್ಲೆ ಮೂರು.
ಅಣ್ಣನ ಕಿಸೆಯಲ್ಲೊಂದು, ತಮ್ಮನ ಕಿಸೆಯಲ್ಲೊಂದು;
ಬೆಳಗಿನ ಪಾಳಿಗೆ ಹೋದ ಅಣ್ಣ ಸೀಟು ಏರಿಸಿಟ್ಟರೆ
ರಾತ್ರಿ ಪಾಳಿಯ ತಮ್ಮನ ಕಾಲು ನೆಲಕ್ಕೆ ಎಟುಕದು.
ಎರಡು ಕಿಸೆ ಸಮ ಎಂದರೆ ಇದು.

ಸಾಲು ಮುಗಿದಲ್ಲಿ ಸುಣ್ಣದ ಗೆರೆ.
ಗೆರೆಯಾಚೆಯ ಖಾಲಿಯ ತನಕ
ಬೆರಳು ತೋರಿಸಬಹುದು, ಎಣಿಕೆ ನಿಲ್ಲಿಸಬೇಕಲ್ಲ.
ಅಲ್ಲಿರುವುದನ್ನು ಹತ್ತಿ ಹೋಗುವಂತಿಲ್ಲ:
ಆ ನೆಲ ಆಗಲೇ ಪಕ್ಕದ ಹೋಟೆಲಿನವರ ಮೊದಲ ಗಾಡಿಯದು.

ನಂಬರು ಸವೆದ ಬಿಲ್ಲೆಗಳು ಮೊಳೆಯಲ್ಲಿ ತೂಗುತ್ತವೆ.
ಅವೆಲ್ಲ ತಮ್ಮತಮ್ಮಲ್ಲಿ ಸಮ,
ಏನನ್ನೂ ತೋರದವುಗಳ ಸಮತೆ.

ಆಗ ಬಂದ ಹೊಳೆಹೊನ್ನೂರಿನ ಬಸವಣ್ಯಪ್ಪ.
ಹನ್ನೊಂದು ವರ್ಷದ ಹಿಂದೆ ಬಿಟ್ಟು ಹೋದವನು,
ಎಲ್ಲಿಗೆಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.
ಪರ್ಸಿನ ಪದರದಿಂದ ಬಿಲ್ಲೆ ತೆಗೆದ. ನಲವತ್ತೇಳು.
ಅವನ ಸೈಕಲ್ಲು ಹರಾಜಾಗಿ ಎಷ್ಟೋ ಕಾಲ.
ನಲವತ್ತೇಳರಲ್ಲಿ ಈಗ ನಿಂತಿದ್ದು
ಯಾವುದೋ ಹುಡುಗಿಯ ಗುಲಾಬಿ ಬಣ್ಣದ್ದು, ಮುಂದೆ ಬುಟ್ಟಿ.

ಸಾಹೇಬರು ಎರಡು ಬಿಲ್ಲೆ ಅಂಗೈಲಿಟ್ಟು ಹೋಲಿಸಿದರು.
ನಾಲ್ಕಕ್ಕೆ ನಾಲ್ಕು, ಏಳಕ್ಕೆ ಏಳು,
ಅಂಚಿನ ತೂತಿಗೆ ತೂತು.
ನನ್ನ ಪ್ರೋಗ್ರಾಮಾಗಿದ್ದರೆ ಹೌದೆಂದು
ಬೀಗ ಬಿಚ್ಚಿ ಕೊಟ್ಟುಬಿಡುತ್ತಿತ್ತು.
ಅವರು ಟೀ ತರಿಸಿದರು.

ಬಸವಣ್ಯಪ್ಪ ಬುಟ್ಟಿಯೊಳಗಿದ್ದ ರೇನ್‌ಕೋಟು ನೋಡಿ
ಸ್ವಲ್ಪ ನಕ್ಕ. ಟೀ ಕುಡಿದ.
ಬಿಲ್ಲೆ ವಾಪಸು ಕೇಳಲು ಸಾಹೇಬರಿಗೆ ಬಾಯಿ ಬರಲಿಲ್ಲ.

ನನ್ನ ಮೇಜಿನ ಮೇಲೆ ಪ್ರಿನ್ಸಿಪಾಲರ ಚೀಟಿ ಇದೆ:
ಎ ಸೆಕ್ಷನ್ನಿನ ಮುಬೀನಾ, ಬಿ ಸೆಕ್ಷನ್ನಿನ ಚಂದ್ರಮೌಳಿ,
ಬೇರೆ ಮೇಷ್ಟ್ರು, ಬೇರೆ ಪ್ರಶ್ನೆಪತ್ರಿಕೆ, ಬೇರೆ ಕೈಯ ಅಂಕ,
ಯಾರು ಮೇಲೆ, ಇಂದೇ ಬರೆದು ಕಳಿಸಿ.

ಯಂತ್ರಕ್ಕೆ ಸುಮ್ಮನಿರಲು ಬಾರದು.
ಕೇಳಿದರೆ ಸೊನ್ನೆಯೋ ಒಂದೋ ಕೊಟ್ಟೇ ಕೊಡುತ್ತದೆ,
ಇವತ್ತೊಂದು, ನಾಳೆ ಇನ್ನೊಂದು,
ಎರಡು ಸಲವೂ ಅಳುಕಿಲ್ಲದೆ.

ಚೀಟಿ ಮಡಚಿ ಕಿಸೆಗಿಟ್ಟೆ.
ಕೈಗೆ ತಗುಲಿತು ತಣ್ಣಗೆ
ಸ್ಕೂಟರಿನ ಬಿಲ್ಲೆ. ಹಿಂದಿರುಗಿಸಲು ಮರೆತಿದ್ದೆ.
ಎಷ್ಟನೆಯದೆಂದು ನೋಡಲಿಲ್ಲ.