ಮರಳು ಕಾಗದ

ಶನಿವಾರ ಮಧ್ಯಾಹ್ನ ಕೊನೆಯ ಬಸ್ಸು ಹೊರಟಮೇಲೆ
ಶಿಬಿರದಲ್ಲಿ ಉಳಿಯುವುದು
ಒಂಟಿ ಕಾಲುಚೀಲಗಳು, ಸೊಳ್ಳೆಗಳು, ನಾನು, ಲೋರ್ನಾ.

ಲೋರ್ನಾ ಅಡುಗೆಯವಳು. ಟ್ರಕ್ಕೂ ಅವಳದೇ.
ಹಿಂದೆ ಎರಡು ದೋಣಿ, ಬೋರಲು, ಹಗ್ಗ ಬಿಗಿದು;
ಮುಂದೆ ನಾವಿಬ್ಬರು, ನಡುವೆ ಒಂದು ಮೂಟೆ ಈರುಳ್ಳಿ.
ಮುಂದಿನ ಕೆರೆಗೆ ನಾನೂರು ಕಿಲೋಮೀಟರು.

ನನ್ನ ತೊಡೆಯ ಮೇಲೆ ರಟ್ಟಿನ ಡಬ್ಬಿ.
ಅದರಲ್ಲಿ ಹನ್ನೆರಡು ಬಿಲ್ಲೆ, ಬರ್ಚ್ ಮರದವು,
ವಾರವೆಲ್ಲ ಮಕ್ಕಳ ಕೊರಳಲ್ಲಿ ತೂಗಿದ್ದವು.
ತಲುಪುವುದರೊಳಗೆ ಹೆಸರು ಉಜ್ಜಿಡಬೇಕು,
ಹೊಸದಕ್ಕೆ ದುಡ್ಡಿಲ್ಲವಂತೆ.

ಮರಳು ಕಾಗದಕ್ಕೆ ಮೊದಲು ಕೋಡಿ ಹೋದ. ಆಮೇಲೆ ಬ್ರಿಯಾನ್ನ.
ಆಮೇಲೆ, ಹಾಸಿಗೆ ಒದ್ದೆ ಮಾಡಿಕೊಂಡು
ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡವನು;
ಅವನ ಹೆಸರು ಇಲ್ಲೂ ಬರೆಯುವುದಿಲ್ಲ.
ಪುಡಿ ಪ್ಯಾಂಟಿನ ಮೇಲೆ ಬಿತ್ತು. ಕೊಡವಿದೆ.

ಹೊರಗೆ ಕನೋಲಾ. ಹಳದಿ. ಇನ್ನೂ ಹಳದಿ.
ಕಣ್ಣು ಮುಚ್ಚಿದರೂ ಹಳದಿ.
ಊರು ಬಂತೆಂದು ಹೇಳುವುದು ಊರಲ್ಲ,
ದವಸದ ಗೋಪುರ: ದೂರದಿಂದ ಹೆಬ್ಬೆರಳಷ್ಟು,
ಅರ್ಧ ಗಂಟೆ ಓಡಿದರೂ ಹೆಬ್ಬೆರಳಷ್ಟೇ.

ರೈಲುಗೇಟಿನಲ್ಲಿ ನಿಂತೆವು.
ಲೋರ್ನಾ ಇಂಜಿನ್ ಆರಿಸಿ ಬೋಗಿ ಎಣಿಸತೊಡಗಿದಳು.
ಎಪ್ಪತ್ತರ ಹತ್ತಿರ ಎಲ್ಲೋ ಅಂದಳು:
"ನನ್ನ ಗಂಡ ಇಂಥದ್ದನ್ನೇ ಓಡಿಸುತ್ತಿದ್ದ.
ಇಲ್ಲಿ ದಾಟುವಾಗ ಒಂದು ಸೀಟಿ ಹೆಚ್ಚಿಗೆ ಊದುತ್ತಿದ್ದ."
ಮತ್ತೆ ಎಪ್ಪತ್ತೊಂದರಿಂದ ಹಿಡಿದಳು.
ನೂರ ನಲವತ್ತಮೂರು.
ಕೊನೆಯ ಬೋಗಿ ಹೋದಮೇಲೂ ಕೊಂಚ ಹೊತ್ತು
ಟ್ರಕ್ಕು ಹೊರಡಲಿಲ್ಲ.

ಹನ್ನೊಂದನೆಯ ಬಿಲ್ಲೆ ಜಗ್ಗಲಿಲ್ಲ.
ಡೆಲ್ಮರ್. ಎಲ್ಲರೂ ಈಜುವಾಗ ನೀರಿಗಿಳಿಯಲೊಲ್ಲದೆ
ಧಕ್ಕೆಯ ತುದಿ ಹಲಗೆಯಲ್ಲಿ ಭೂತಗನ್ನಡಿ ಹಿಡಿದು
ಐದು ದಿನ ಕೂತಿದ್ದವನು.
ಏನೋ ಮಾಡ್ತಿದ್ದೀಯ ಎಂದರೆ, "ಬಿಸಿಲು ಬರೀತಿದೆ, ನಾನಲ್ಲ."
ನಕ್ಕಿದ್ದೆ. ಈಗ ಉಜ್ಜಿದೆ, ಉಜ್ಜಿದೆ,
ಬೆರಳ ತುದಿಯ ಚರ್ಮ ಹೋಯಿತು, ಹೆಸರು ಹೋಗಲಿಲ್ಲ;
ಸುಟ್ಟ ವಾಸನೆಯಾಗಿ ಎದ್ದು
ಈರುಳ್ಳಿಯ ಪಕ್ಕ ಜಾಗ ಮಾಡಿಕೊಂಡು ಕೂತಿತು.

"ಬಿಡು," ಅಂದಳು ಲೋರ್ನಾ. "ಮಗುಚಿ ಹಾಕು."

ರಾತ್ರಿ ಹತ್ತಾದರೂ ಆರದ ಬೆಳಕಿನಲ್ಲಿ
ಹೊಸ ಕೆರೆಗೆ ದೋಣಿ ಇಳಿಸಿದೆವು.

ಭಾನುವಾರ ಒಬ್ಬಳು, ಮುಂದಿನ ಹಲ್ಲಿಲ್ಲದವಳು,
ಡಬ್ಬಿಗೆ ಕೈಹಾಕಿ ಅದನ್ನೇ ಎತ್ತಿಕೊಂಡಳು.
ಓಕ್ಸಾನಾ ಎಂದು ದಪ್ಪಗೆ ಬರೆದು, ತಿರುವಿ ನೋಡಿ,
"ಇವನು ಯಾವಾಗ ಬರ್ತಾನೆ?"
ಬರೋದಿಲ್ಲ, ಅಂದೆ. ಮತ್ತೇನು ಹೇಳಲೂ ತೋಚದೆ,
ಅವನಿಗೆ ನೀರು ಆಗೋದಿಲ್ಲ, ಅಂದೆ.

ಆ ವಾರವಿಡೀ
ಈಜಿಗಿಳಿಯುವ ಮುಂಚೆ ಅವಳು
ಬಿಲ್ಲೆ ಕಳಚಿ, ಡೆಲ್ಮರ್ ಮೇಲೆ ಬರುವಂತೆ
ಬಿಸಿಲು ಬಿದ್ದ ಹಲಗೆಯನ್ನು ಹುಡುಕಿ
ಇಡುತ್ತಿದ್ದಳು.