ಕಿ

ಪಂಗಾನಿಯ ಶಾಲೆ, ಐದನೇ ತರಗತಿ.
ಹಲಗೆಗೆ ಗೆರೆ ಎಳೆದು
ನಾಮಪದಗಳನ್ನು ಕುಲವಾರು ಕೂರಿಸುತ್ತಿದ್ದೆ.
ಮನುಷ್ಯರಿಗೆ ‘ಮ್’. ಮರಕ್ಕೂ ‘ಮ್’,
ಒಂದು ಹತ್ತಾದಾಗ ಮಾತ್ರ ದಾರಿ ಬೇರೆ.
ವಸ್ತುಗಳಿಗೆ ‘ಕಿ’:
ಕಿತಿ, ಕುರ್ಚಿ. ಕಿಸು, ಚೂರಿ.
ಕಿಕೊಂಬೆ, ಲೋಟ.
ಇನ್ನೊಂದು ಯಾರು ಹೇಳ್ತೀರಿ?

ಹಿಂದಿನ ಬೆಂಚಿನಿಂದ ಮ್ವಾನೈದಿ ಎದ್ದಳು,
ಅಂಗಿಯ ತುಂಬ ಒಣಮೀನಿನ ವಾಸನೆ.
“ಕಿಝಿವಿ.”
ಕಿವುಡ.
“ನನ್ನ ತಮ್ಮ ಯಾಕೆ ಟೀಚರ್
ಕುರ್ಚಿಯ ಪಕ್ಕ?”

ಹತ್ತೊಂಬತ್ತು ವರ್ಷ
ಅದೇ ಸಾಲಲ್ಲಿ ಅದೇ ಪದ ಬರೆದ ಕೈ ಇದು.
ಚಾಕ್ ಕೆಳಗಿಟ್ಟೆ.

“ವಾಕ್ಯ ಮಾಡು, ನೋಡೋಣ.
ಕುರ್ಚಿ ಬಿದ್ದರೆ?”
“ಕಿತಿ ಕಿಮೆಆಂಗುಕ.”
“ತಮ್ಮ ನಕ್ಕರೆ?”
“ಕಿಝಿವಿ ಅನಚೆಕ.”
“ಕೇಳಿಸಿತೇ? ಅಲ್ಲಿ ‘ಕಿ’ ಇಲ್ಲ, ‘ಅ’!
ಜೀವ ಇರುವವರಿಗಷ್ಟೇ ಕೊಡುವ ‘ಅ’.
ಹೆಸರು ಮರೆತದ್ದು ಕ್ರಿಯಾಪದಕ್ಕೆ ನೆನಪಿದೆ.”
ಹೇಳಿ, ನನಗೆ ನಾನೇ ತಲೆದೂಗಿದೆ.

ಅವಳು ಕೂರಲಿಲ್ಲ.
“ಅವನು ಏನೂ ಮಾಡದೆ
ಸುಮ್ಮನೆ ಇದ್ದಾಗ?”

ಗಂಟೆ ಹೊಡೆಯಿತು. ಉಳಿದವರು ಚೀಲ ಎತ್ತಿದರು.
ಗೇಟಿನಾಚೆ ತೆಂಗಿನ ಬೊಡ್ಡೆಯ ಮೇಲೆ ಶೊಮಾರಿ.
ಗಂಟೆ ಅವನಿಗಲ್ಲ;
ಓಡಿಬರುವ ಕಾಲುಗಳ ಧೂಳು ಕಂಡು
ಎದ್ದು ನಿಂತ.